ಬಿದ್ದದ್ದಷ್ಟೇ ನೆನಪಿಟ್ಟವರು

ವರ್ಷದ ಕಡೀ ದಿನ ಸಂಜೀಕೆ ನಮ್ಮ ಯಜಮಾನರು ಸೋಫಾದ ಮ್ಯಾಲೆ ಕಾಲು ಚಾಚಿ ಕೂತು ವರ್ಷದ ವರದಿ ಒಪ್ಪಿಸಿದ್ರು. ಮಗನ ನೌಕರಿ ಪರ್ಮನೆಂಟ್ ಆತು. ತಮಗ ಪ್ರಮೋಷನ್ ಬಂತು. ಬಾತ್‌ರೂಮಿನ ಸೋರಿಕಿ ನಿಂತಿತು. "ನಿನ್ನದೊಂದು ಬಿಟ್ರ ವರ್ಷ ಛಲೋನ ಹೋತು ನೋಡು," ಅಂದ್ರು.

ನನ್ನದೊಂದು ಅಂದ್ರ ನಾ ಬಿದ್ದದ್ದು. ಮಳಿಗಾಲದಾಗ ಮುಂಬೈದ ನಮ್ಮ ಭಾಂಡುಪ್ ಸ್ಟೇಷನ್ನಿನ ಬ್ರಿಜ್ ಇಳಿಯೋವಾಗ ಜಾರಿ ಮೊಣಕಾಲು ಮುರಕೊಂಡೆ. ಅದು ಬಿಲ್ಡಿಂಗಿನ ವಾಚ್‌ಮನ್‌ಗೂ ನೆನಪದ. ಆಮ್ಯಾಲೆ ನಾ ಎದ್ದದ್ದು? ಅದು ಒಬ್ಬರಿಗೂ ನೆನಪಿಲ್ಲ. ಸಿಟ್ಟು ಬರಬಾರದೇನು?

ಪ್ಲಾಸ್ಟರ್ ಬಿಚ್ಚಿದಾಗಿಂದ ಮನ್ಯಾಗ ಒಂದ ರಾಗ, "ನೌಕರಿ ಬಿಟ್ಟುಬಿಡು." ಬಿಡೂದಂದ್ರ ಹೆಂಗ? ಸಯನ್ನಿನ ನಮ್ಮ ಆಫೀಸಿನ್ಯಾಗ ನನ್ನ ಅರ್ಧ ಆಯುಷ್ಯ ಕಳದದ. ಮನ್ಯಾಗ ಎಲ್ಲಾರದೂ ಆದ ಮ್ಯಾಲೆ ಉಳಿದದ್ದು ನನಗ. ಅಲ್ಲಿ ಒಂದು ಕುರ್ಚಿ ಪೂರಾ ನಂದು. "ಲೋಕಲ್ ರೈಲು ಹತ್ತಿ ಇಳೀಲಿಕ್ಕೆ ಆದ್ರ ಹೋಗ್ತೀನಿ, ಆಗದಿದ್ರ ಬಿಡ್ತೀನಿ," ಅಂದೆ. ಯಜಮಾನರು ನಕ್ಕು ಹೂಂ ಅಂದ್ರು. ಆಗೂದಿಲ್ಲ ಅಂತ ಅವರ ಲೆಕ್ಕ.

ದೀಪಾವಳಿ ಮುಗದ ಮ್ಯಾಲೆ ಕೋಲು ಹಿಡಕೊಂಡು ಹೊಂಟೆ. ಲೇಡೀಸ್ ಡಬ್ಬಿಯೊಳಗ ಕೂತವರನ್ನ ಎಲ್ಲಿ ಇಳೀತೀರಿ ಅಂತ ಕೇಳಿ ಸೀಟು ಹಿಡೀಬೇಕು. ಯಾರು ಮೊದಲು ಕೇಳಿದ್ರೋ ಅವರಿಗೇ ಆ ಸೀಟು. ಅವತ್ತು ನನ್ನ ಕೋಲು ನೋಡಿ ಒಬ್ಬಾಕಿ ಮರಾಠಿ ಹೆಣ್ಣುಮಗಳು ಕೇಳೋಕಿಂತ ಮೊದಲ ಎದ್ದು ಕೊಟ್ಟಳು. ನಾನೂ ಹುಚ್ಚಿಯಂಗ ಕೂತುಬಿಟ್ಟೆ. ಸಯನ್ನಿಗೆ ಇಳಿಯುವವರು ಘಾಟ್ಕೋಪರ್ ದಾಟಿದ ಕೂಡಲೇ ಬಾಗಿಲ ಕಡೆ ಸರೀಬೇಕು. ಸಯನ್ನಿನ ಮೊದಲಿನ ಸ್ಟೇಷನ್ ಕುರ್ಲಾದಾಗ ಮಂದಿ ನುಗ್ಗಿದ್ರ ಮುಗೀತು. ಇಷ್ಟು ವರ್ಷ ಓಡಾಡಿದಾಕಿಗೆ ಇದು ಗೊತ್ತಿಲ್ಲೇನು? ಗೊತ್ತದ. ಆದ್ರ ಕಾಲು ಏಳಲಿಲ್ಲ. ಕುರ್ಲಾ ಬಂತು, ಮಂದಿ ನುಗ್ಗಿತು. ನಾ ಹೆಂಗೋ ಎದ್ದು, "ಜರಾ ಸರೀರಿ, ಜರಾ ಸರೀರಿ" ಅಂತ ನನಗ ಮಾತ್ರ ಕೇಳೂವಂಗ ಅಂದೆ. ಸಯನ್ ಬಂತು, ಹೋತು. ದಾದರ್‌ನಾಗ ಇಳಿದು ಬೆಂಚಿನ ಮ್ಯಾಲೆ ಕೂತು ಅತ್ತೆ. ಮನ್ಯಾಗ ಹೇಳಲಿಲ್ಲ. ಹೇಳಿದ್ರ ಅವರು ಗೆದ್ದಂಗ ಆಗ್ತಿತ್ತು.

ಧಾರವಾಡದ ನಮ್ಮ ಮನ್ಯಾಗ ಹೆಣ್ಣುಮಕ್ಕಳ ದನಿ ಪಡಸಾಲಿಗೆ ಕೇಳಿಸಿದ್ರ ಅಜ್ಜ ಕೆಮ್ಮುತಿದ್ದ. ಆ ಕೆಮ್ಮಿಗೆ ಹೆದರಿದ ದನಿ ಇಟ್ಟಕೊಂಡ ನಾ ಮುಂಬೈದಾಗ ಇಷ್ಟು ವರ್ಷ ಬಾಳ್ವಿ ಮಾಡೀನಿ.

ಮರುದಿನ ಸೀಟು ಬ್ಯಾಡ ಅಂತ ನಿಂತೇ ಹೋದೆ. ಕುರ್ಲಾದಾಗ ಮತ್ತ ಅದ ಮಂದಿ, ಅದ ನೂಕಾಟ. ಯಾರದೋ ಬ್ಯಾಗು ಎದಿಗೆ ಒತ್ತಿತು, ಕೋಲು ಕೈಜಾರಿತು. ಆಗ ನನ್ನ ಬಾಯಿಂದ ಹೊರಬಂತು ನೋಡ್ರಿ, "ಏ, ಸರಕೋ! ಉತರ್ನಾ ಹೈ ಮೇರೇಕೋ!" ಸರೀರಿ, ನಾ ಇಳೀಬೇಕು ಅಂತ. ಇಡೀ ಡಬ್ಬಿ ತಿರುಗಿ ನೋಡಿತು. ದಾರಿ ಆತು. ಒಬ್ಬಾಕಿ ಕೋಲು ಎತ್ತಿಕೊಟ್ಟಳು. ಸಯನ್ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತಾಗ ನನ್ನ ಕಿವಿ ಬಿಸಿಯಾಗಿದ್ದವು. ಕೋಲು ಊರಿಕೊಂಡು ಖುಷೀಲೆ ಆಫೀಸಿಗೆ ನಡದೆ.

ಈಗ ದಿನಾ ಕೂಗ್ತೀನಿ. ಹಿಂದ ನಿಂತು ಗೊಣಗೋ ಹುಡಿಗ್ಯಾರ ಸಲುವಾಗಿನೂ ಕೂಗ್ತೀನಿ. ಇದು ಸಣ್ಣದೇನು? ನಮ್ಮ ಯಜಮಾನರ ಪ್ರಮೋಷನ್ ಮ್ಯಾಲಿನವರು ರಿಟೈರ್ ಆದದ್ದಕ್ಕ ಬಂದದ್ದು. ಅದಕ್ಕ ಪೇಢೆ ಹಂಚಿದ್ವಿ!

ಆ ಸಂಜೀ ವರದಿ ಕೇಳಿಯೂ ಇರಲಿ ಅಂತ ಒಳಗ ಹೊಂಟಿದ್ದೆ. ಅಷ್ಟರಾಗ ಅವರಂದ್ರು, "ಹೊಸ ವರ್ಷದಾಗ ನೀ ನೌಕರಿ ಬಿಡ್ತೀ ಅಂತ ನಮ್ಮಣ್ಣಗ ಹೇಳಿಬಿಟ್ಟೀನಿ."

ಮೈಯೆಲ್ಲಾ ಉರದುಹೋತು. "ಯಾರನ್ನ ಕೇಳಿ ಹೇಳಿದ್ರಿ? ಆದ್ರ ಹೋಗ್ತೀನಿ ಅಂದಿದ್ದೆ. ಹತ್ತೀನಿ, ಇಳದೀನಿ, ದಿನಾ! ಈಗಿಂದೀಗ ಫೋನ್ ಹಚ್ಚಿ ನಿಮ್ಮಣ್ಣಗ ಸುಳ್ಳು ಅಂತ ಹೇಳ್ರಿ!"

ಎದುರಿನ ಫ್ಲ್ಯಾಟಿನ ಬಾಗಿಲು ತೆರೀತು. ಯಜಮಾನರು ಚಾಚಿದ ಕಾಲು ಕೆಳಗಿಟ್ಟು ಫೋನ್ ಹುಡುಕಿದ್ರು. ಕನ್ನಡ ತಡವರಿಸೋ ನನ್ನ ಮಗ ಬಾಯಿ ತೆರಕೊಂಡು ನಿಂತಿದ್ದ. "ಅಮ್ಮಾ, ಈ ಆವಾಜ್... ಎಲ್ಲಿಂದ ಬಂತು?"

"ಕುರ್ಲಾದಿಂದ," ಅಂದೆ. "ಈ ವರ್ಷಾನ ಸಿಕ್ಕದ. ನಿಮ್ಮಪ್ಪಗ ಹೇಳು, ವರದಿಯೊಳಗ ಇದನ್ನೂ ಸೇರಸ್ಲಿ."