ಗೋಸಂಪಿಗೆಗೆ ಮೀನು ತೊಳೆದ ನೀರು

ವಿಜಯಪುರದ ನನ್ನ ತವರುಮನೆ ಕೆಡವುವ ಮುಂಚೆ ಅಲ್ಲಿಯ ಗೋಸಂಪಿಗೆಯ ಒಂದು ಟೊಂಗೆ ತಂದು ಹೊನ್ನಾವರದ ಈ ಅಂಗಳದಲ್ಲಿ ನೆಟ್ಟಿದ್ದೆ. ಚಳಿಗಾಲದಲ್ಲಿ ಎಲೆ ಉದುರಿಸಿ, ಚಿಗುರುವ ಮೊದಲೇ ಘಮಘಮ ಹೂ ಬಿಡುವ ಗಿಡ ಅದು. ಬೋಳಾಗಿದ್ದಾಗ ನೀರು ಹೆಚ್ಚಾದರೆ ಕೊಳೆತುಹೋಗುತ್ತದೆ.

ಗಿಡ ಹಾಗೆ ಬೋಳಾಗಿದ್ದ ಒಂದು ಬೆಳಿಗ್ಗೆ ಮೀನು ಮಾರುವ ಮಾದೇವಿ ಬಂಗಡೆ ಕೊಯ್ದುಕೊಟ್ಟಳು. ನಾನು ಅದನ್ನು ಒಳಗಿಟ್ಟು ಬರುವಷ್ಟರಲ್ಲಿ, ಅವಳು ಮೀನು ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿಯುತ್ತಿದ್ದಳು.

"ಎಷ್ಟು ದಿನದಿಂದ ಹಾಕಾಕತ್ತಿ?"

"ತಿಂಗಳಾತು. ಗಿಡ ಉಪಾಸ ಬಿದ್ದದಲ್ರಾ ಅಮ್ಮಾ! ನಮ್ಮ ತೆಂಗಿಗೂ ಇದೇ ಹಾಕುದು."

ಬುಡವನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಇಳಿಯಿತು.

"ಕೊಳೆತದ್ದು ಕೊಯ್ದು ತೆಗೀಬೇಕು. ಮೇಲೆ ಜೀವ ಇದ್ದರ ಮತ್ತ ನೆಡಬಹುದು" ಎಂದೆ. ಅವಳೇ ಗಿಡ ಕಿತ್ತು, ಮೀನಿನ ಕತ್ತಿಯಿಂದ ಬುಡದ ಕಡೆಯಿಂದ ಒಂದೊಂದೇ ತುಂಡು ಕೊಯ್ಯತೊಡಗಿದಳು. ಒಳಗೆಲ್ಲ ಕಂದು. ಮತ್ತೊಂದು ಕೊಯ್ದರೂ ಕಂದು.

"ಇನ್ನೂ ಕೊಯ್ಯುದಾ ಅಮ್ಮಾ?"

"ಕೊಯ್ಯಿ."

ಗೇಣುದ್ದ ಉಳಿದಿತ್ತು. ಇನ್ನೊಂದು ತುಂಡು ಬಿದ್ದಾಗ ಬಿಳಿ ಹಾಲು ಒಸರಿತು.

"ಜೀವ ಅದೆ!" ಎಂದು ಮಾದೇವಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಕೊಯ್ದ ಗಾಯ ಒಣಗದೆ ನೆಡುವಂತಿಲ್ಲ. ಆ ತುಂಡನ್ನು ಜಗಲಿಯ ನೆರಳಿನಲ್ಲಿಟ್ಟೆ. ಅದಕ್ಕೆ ಹತ್ತಿದ್ದ ಮೀನಿನ ಕತ್ತಿಯ ವಾಸನೆಗೆ ಕೇರಿಯ ಬೆಕ್ಕುಗಳೆಲ್ಲ ಬಂದು ಸುತ್ತ ಕೂತವು. ತವರಿನ ಹೂಗಿಡವನ್ನು ಮೀನೆಂದೇ ನಂಬಿದ್ದ ಅವುಗಳೆದುರು ಎಂಟು ದಿನ ನಾನು ಕೋಲು ಹಿಡಿದು ಕಾವಲು ಕೂತೆ.