ಮೂರು ಸಪ್ಪೆ ಚಹಾ, ಒಂದು 'ಒಲ್ಲೆ'

"ನಮ್ಮ ಮನಿತನದಾಗ ಯಾರಿಗೂ ಸಕ್ರಿ ಬ್ಯಾನಿ ಇಲ್ರಿ" ಎಂದು ನಮ್ಮವ್ವ ಹೇಳುವುದಕ್ಕೂ ನನ್ನ ಹೆಂಡತಿ ಚಹಾ ತಂದಿಡುವುದಕ್ಕೂ ಸರಿಹೋಯಿತು. ಆರು ಕಪ್. ಅದರಲ್ಲಿ ಮೂರನ್ನು 'ಇವು ಸಪ್ಪೆ, ಸಕ್ರಿ ಹಾಕಿಲ್ಲ' ಎಂದು ಬೇರೆ ಇಟ್ಟಳು.

ಕಳೆದ ವಾರ ಬನಹಟ್ಟಿಯ ನಮ್ಮ ಮನೆಗೆ ಸಂಶೋಧನೆಗೆಂದು ಡಾಕ್ಟರ್ ಮೇಡಮ್ ಬಂದಿದ್ದರು. ಒಂದೇ ಕುಟುಂಬದ ಒಂಬತ್ತು ಜನರ ರಕ್ತ ಬೇಕಂತೆ. ಅವ್ವನ ಸುಳ್ಳಿಗೆ ಕಾರಣವಿತ್ತು. ನನ್ನ ಮಗಳು ಭಾಗ್ಯಾಳನ್ನು ಅವಳ ಸೋದರಮಾವ ಮಲ್ಲುಗೆ ಕೊಡುವ ಮಾತು ನಡೆದಿತ್ತು. ಮಲ್ಲು ನನ್ನ ಹೆಂಡತಿಯ ತಮ್ಮ, ನನ್ನ ಅಕ್ಕನ ಮಗ. (ಹೌದು, ನಾನೂ ಅಕ್ಕನ ಮಗಳನ್ನೇ ಮಾಡಿಕೊಂಡವನು. ನಗಬೇಡಿ, ನಿಮ್ಮ ಬಳಗದಲ್ಲೂ ಇದ್ದಾರೆ.)

ಮದುವೆ ಮಾತಿನ ಹೊತ್ತಲ್ಲಿ ರೋಗದ ಸುದ್ದಿ ಯಾರು ತೆಗೆಯುತ್ತಾರೆ? ಆದರೆ ಹೆಣ್ಣಿನ ಕಡೆಯವರೂ ನಾವೇ, ಗಂಡಿನ ಕಡೆಯವರೂ ನಾವೇ. ಮುಚ್ಚಿಡುವುದು ಯಾರಿಂದ? ಅವ್ವನನ್ನು ಕೇಳುವ ಧೈರ್ಯ ನನಗಿಲ್ಲ.

ಮೇಡಮ್ ಕಪ್‌ಗಳ ಕಡೆ ನೋಡಿದರು. "ಅಮ್ಮಾರ, ಖರೆ ಹೇಳ್ರಿ. ರಕ್ತಸಂಬಂಧಿಗಳ ಜೀನ್‌ನಾಗ ಎಷ್ಟೋ ತುಣುಕು ಒಂದ ಇರ್ತಾವ. ಸಕ್ರಿ ಬ್ಯಾನಿ ಇದ್ದವರು ಹಂಚ್ಕೊಂಡಿದ್ದು, ಇಲ್ಲದವರೊಳಗ ಕಡಿಮಿ ಇದ್ದದ್ದು ಯಾವ ತುಣುಕು ಅಂತ ಹುಡುಕ್ತೀವಿ. ನೀವು ಸುಳ್ಳು ಹೇಳಿದ್ರ ನಾವು ತಪ್ಪು ಜಾಗಾದಾಗ ಹುಡುಕ್ತೀವಿ."

ಸಕ್ಕರೆ ಕಾಯಿಲೆಗೆ ಕಾರಣ ಒಂದೇ ಜೀನ್ ಅಲ್ಲವಂತೆ, ಹತ್ತಾರು. ಮೇಲೆ ನಮ್ಮ ಊಟ ಬೇರೆ. ಅದಕ್ಕೇ ಇಂಥ ಮನೆತನಗಳು ಬಹಳ ಬೇಕಂತೆ. ನನಗೆ ಬೇಗ ತಿಳಿಯಿತು. ನಾಲ್ಕು ಸೀರೆಯಲ್ಲಿ ಒಂದೇ ದೋಷ ಕಂಡರೆ, ನಾಲ್ಕಕ್ಕೂ ಬಿದ್ದ ನೂಲು ಯಾವುದೆಂದು ನಾವು ಮಗ್ಗದವರೂ ಹುಡುಕುತ್ತೇವೆ.

ಅವ್ವ ಸಪ್ಪೆ ಕಪ್ ಎತ್ತಿಕೊಂಡಳು. "ನನಗೈತಿ, ಈ ನನ್ನ ಮಗಗೈತಿ. ಮಲ್ಲುಗೂ ಹೋದ ವರ್ಷ ಬಂತು ನೋಡ್ರಿ."

ಮಲ್ಲು ನೆಲ ನೋಡಿದ. ಒಂಬತ್ತೂ ಜನ ತೋಳು ಚಾಚಿದೆವು.

ಮೇಡಮ್ ವಂಶವೃಕ್ಷ ಬರೆದರು. ಗೆರೆಗಳೆಲ್ಲ ಸುತ್ತಿ ಸುತ್ತಿ ಅವ್ವನ ಹೆಸರಿಗೇ ಬಂದು ನಿಂತವು.

"ಭಾಗ್ಯಾಗ, ಮಲ್ಲುಗ ಒಂದ್ ಗೆರಿ ಎಳದಬಿಡ್ರಿ" ಎಂದಳು ಅವ್ವ.

"ಎಳಿಬ್ಯಾಡ್ರಿ ಮೇಡಮ್, ನಾ ಒಲ್ಲೆ" ಎಂದಳು ಭಾಗ್ಯಾ. ಎಂದಿನಂತೆ ಯಾರೂ ಅವಳತ್ತ ತಿರುಗಲಿಲ್ಲ.

ಅವ್ವ ಕೇಳಿದಳು: "ಇವರ ಮಕ್ಕಳಿಗೂ ಬರತೈತೇನ್ರಿ?"

"ಬಂದ ಬರತೈತಿ ಅಂತ ಹೇಳಾಕ ಬರಂಗಿಲ್ರಿ. ಆದ್ರ ಒಂದ ತುಣುಕು ಎರಡೂ ಕಡಿಯಿಂದ ಬರೋ ಸಾಧ್ಯತೆ ಜಾಸ್ತಿ."

ಅವ್ವ ಚಹಾ ಮುಗಿಸಿದಳು. "ಹಂಗಾರ ಬ್ಯಾಡ ಬಿಡ್ರಿ."

ಅಷ್ಟೇ. ಸಂಬಂಧ ಮುರಿಯಿತು. ಮಲ್ಲು ಕೂಡ ನಿರಾಳವಾಗಿ ಉಸಿರುಬಿಟ್ಟ. (ಪಾಪ, ಅವನನ್ನೂ ಯಾರೂ ಕೇಳಿರಲಿಲ್ಲ.) ಭಾಗ್ಯಾ ಅಡುಗೆಮನೆಗೆ ಹೋಗಿ ಅಳತೊಡಗಿದಳು. ಖುಷಿಗಿರಬೇಕು ಎಂದುಕೊಂಡು ಹಿಂದೆ ಹೋದೆ.

"ಅಪ್ಪಾ, ಯುಗಾದಿಯಿಂದ ಹೇಳಾಕತ್ತೇನಿ. ನೀ ಒಮ್ಮೆರೆ ಕೇಳಿದೇನು?"

ನಾಚಿಕೆಯಾಯಿತು. ಮಗಳ ಒಂದು 'ಒಲ್ಲೆ' ಅಪ್ಪನ ಕಿವಿಗೆ ಬೀಳಲು ಒಂಬತ್ತು ಜನರ ರಕ್ತ ಬೇಕಿತ್ತೇ?