ಕಣ್ಣಿಗೆ ಬೀಳದ ಹನಿ

ಕಳೆದ ವಾರ ತಂಗಿಯ ಹಳ್ಳಿ ತಡವಳಕ್ಕೆ ಹೋಗಿದ್ದೆ. ನನ್ನ ತಂಗಿ ಭೌರವ್ವ ಚಹಾ ತಂದಳು. ನಾನು ಕೈ ಚಾಚಿದೆ. ಕಪ್ಪು-ಬಸಿ ನನ್ನ ಕೈಗೆ ಬರಲಿಲ್ಲ. ಗೇಣು ದೂರದಲ್ಲಿ, ಗಾಳಿಯಲ್ಲಿ ನಿಂತಿತು.

ಒಂದೇ ಕಣ್ಣಿದ್ದವರಿಗೆ ಹಾಗೆ ಆಗುತ್ತದಂತೆ. ಯಾವುದು ಎಷ್ಟು ದೂರ, ತಿಳಿಯುವುದಿಲ್ಲ. ಹೋದ ಸುಗ್ಗಿಯವರೆಗೆ ಅವಳಿಗೆ ಎರಡೂ ಇದ್ದವು.

ಜೋಳದ ರಾಶಿ ಮಾಡುವಾಗ ಮಷೀನಿನಿಂದ ಹೊಟ್ಟು ಹಾರಿ ಬಲಗಣ್ಣಿಗೆ ಬಿತ್ತು. (ಹೊಟ್ಟು ಯಾರ ಕಣ್ಣಿಗೆ ಬೀಳುವುದಿಲ್ಲ? ಸೆರಗು ಊದಿ ಒತ್ತಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತೇವೆ.) ಮಾರನೆ ದಿನ ಕಣ್ಣು ಕೆಂಡವಾಯಿತು. ಕೀವಿಗೆ ರೆಪ್ಪೆ ಅಂಟಿಕೊಂಡವು. ಅವಳ ಮಗ ಸೊಲ್ಲಾಪುರಕ್ಕೆ ಕರೆತಂದ. ನಾನಿರುವುದು ಸೊಲ್ಲಾಪುರದಲ್ಲೇ. ದವಾಖಾನೆಗೆ ಜೊತೆಗೆ ಹೋದೆ.

ಲೇಡಿ ಡಾಕ್ಟರ್, ಎಲ್ಲರೂ ಡಾಕ್ಟರ್ ಬಾಯಿ ಅನ್ನುವವರು, ದೀಪ ಹಿಡಿದು ನೋಡಿದರು. ಕರಿಗುಡ್ಡೆಯ ಮೇಲೆ ಹುಣ್ಣು. ಇನ್‌ಫೆಕ್ಷನ್.

"ಅಂಜಬ್ಯಾಡ್ರಿ ಮಾವಶಿ, ಕಣ್ಣ ಉಳೀತದ. ಇವು ಆಂಟಿಬಯಾಟಿಕ್ ಡ್ರಾಪ್ಸ್. ತಾಸಿಗೊಮ್ಮಿ ಕಣ್ಣಾಗ ಬೀಳಬೇಕು. ತಪ್ಪಿಸಬ್ಯಾಡ್ರಿ."

ಮುಂದಿನದು ಭೌರವ್ವನ ಸೊಸೆ ಸುರೇಖಾ ನನಗೆ ಹೇಳಿದ್ದು. ಅವಳು ಹನಿ ಹಾಕಲು ಕುಳಿತಿದ್ದಳಂತೆ. ಭೌರವ್ವನ ಗಂಡ ಸಿದ್ರಾಮಪ್ಪ ಬಾಟಲಿ ಕಸಿದುಕೊಂಡ.

"ಎತ್ತಿನ ಕಣ್ಣಿಗಿ ಔಷಧ ಹಾಕಿ ಹಾಕಿ ಜಲಮ ಹೋಗ್ಯಾದ. ಇಕಿದೇನ್ ದೊಡ್ಡ ಕಣ್ಣ?"

"ಎತ್ತಿಗಾದ್ರ ಮೂಗುದಾಣ ಇರ್ತದ್ರಿ ಮಾಮಾ. ಅತ್ತೀದು ಏನ್ ಹಿಡೀತೀರಿ?"

ಮನೆಯೆಲ್ಲ ನಕ್ಕಿತು. ಅವನೂ ನಕ್ಕ.

ಮದುವೆಯಾದಾಗಿನಿಂದ ಹೆಂಡತಿಗೆ ಒಂದು ತಂಬಿಗೆ ನೀರು ಕೊಟ್ಟ ಗಂಡಸಲ್ಲ ಅವನು. ಈಗ ತಾಸಿಗೊಮ್ಮೆ ಹರಟೆಯ ಕಟ್ಟೆ ಬಿಟ್ಟು ಎದ್ದು ಬರತೊಡಗಿದ. ಎಲ್ಲರೆದುರಿಗೆ ಅವಳ ತಲೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಹನಿ ಹಾಕಿ ಕೇಳುತ್ತಿದ್ದ, "ಬಿತ್ತೇನ?"

"ಬಿತ್ರಿ."

ಬಾಟಲಿ ಸರಿಯಾದ ಹೊತ್ತಿಗೆ ಖಾಲಿಯಾಯಿತು. ಕಣ್ಣು ಮಾತ್ರ ಕೆಡುತ್ತಲೇ ಹೋಯಿತು. ಮತ್ತೆ ದವಾಖಾನೆ. "ಡ್ರಾಪ್ಸ್ ಬರೋಬ್ಬರಿ ಹಾಕೀರೇನ್ರಿ?" ಎಂದು ಡಾಕ್ಟರ್ ಬಾಯಿ ಕೇಳಿದರು. ಸಿದ್ರಾಮಪ್ಪ ಕಿಸೆಯಿಂದ ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅವರು ಇನ್ನೂ ಜೋರಿನ ಔಷಧ ಬರೆದರು. ಅದೂ ಖಾಲಿಯಾಗುತ್ತ ಬಂತು.

ಆಗ ನಾನು ತಡವಳಕ್ಕೆ ಹೋದೆ. ಹತ್ತಿರ ಕುಳಿತು ನೋಡಿದೆ. ಸಿದ್ರಾಮಪ್ಪನ ಕೈ ನಡುಗುತ್ತಿತ್ತು. ಒಂದು ಹನಿ ಹುಬ್ಬಿಗೆ ಬಿತ್ತು. ಇನ್ನೊಂದು ಕೆನ್ನೆಗೆ ಬಿದ್ದು ಕಿವಿಗೆ ಇಳಿಯಿತು. ಅವನ ಕಣ್ಣಿಗೂ ಮೋತಿಬಿಂದುವಿನ ಪೊರೆ, ಎಲ್ಲಿ ಬಿತ್ತೆಂದು ಕಾಣದು.

"ಬಿತ್ತೇನ?"

"ಬಿತ್ರಿ."

ಅವನು ಆಚೆ ತಿರುಗಿದ ಮೇಲೆ ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

ಹಿತ್ತಲಿಗೆ ಎಳೆದುಕೊಂಡು ಹೋದೆ. "ಒಂದ್ ಹನಿನೂ ಒಳಗ ಹೋಗಿಲ್ಲ. ಯಾಕ ಸುಳ್ಳ ಹೇಳ್ತಿ?"

"ಕೈ ನಡಗೂದು ಅವರಿಗಿನ್ನ ಗೊತ್ತಿಲ್ಲಕ್ಕಾ. ನಾ ಹ್ಯಾಂಗ ಹೇಳ್ಲಿ?"

"ಕಣ್ಣ ಹೋಗ್ತದಲ್ಲ, ಖೋಡಿ."

ಅವಳು ಹಿತ್ತಲ ಬಾಗಿಲು ಮುಂದೆ ಮಾಡಿದಳು. ಆಮೇಲೆ ಅಂದಳು, "ಹೇಳಿದ್ರ ನಾಳಿಂದ ಸುರೇಖಾ ಹಾಕ್ತಾಳ. ಅವರು ಕಟ್ಟಿ ಬಿಟ್ಟ ಬರಂಗಿಲ್ಲ."

ನನಗೆ ಸಿಟ್ಟು ಬಂತು. ಅಳುವುದು ನನಗೆ ಬರುವುದಿಲ್ಲ.

ತಂಗಿಯ ಸೇವೆ ನನಗೂ ಒಂದಿಷ್ಟು ಇರಲಿ ಎಂದು ಸಿದ್ರಾಮಪ್ಪನಿಗೆ ನೆಪ ಹೇಳಿ ಬಾಟಲಿ ನಾನು ಇಸಿದುಕೊಂಡೆ, ಅಲ್ಲೇ ಉಳಿದೆ. ಹನಿ ಕಣ್ಣೊಳಗೆ ಬಿದ್ದವು, ಹುಣ್ಣು ಮಾಯಿತು. ಆದರೆ ತಡವಾಗಿತ್ತು. ಗುಡ್ಡೆಯ ನಟ್ಟನಡುವೆ ಬಿಳಿ ಕಲೆ ಉಳಿಯಿತು. ಆ ಕಣ್ಣಿಗೆ ಈಗ ಹಗಲು ಯಾವುದು, ರಾತ್ರಿ ಯಾವುದು, ಅಷ್ಟೇ ಗೊತ್ತು.

ಸಿದ್ರಾಮಪ್ಪ ಮನೆಗೆ ಬಂದವರಿಗೆಲ್ಲ ಇಂದಿಗೂ ಹೇಳುತ್ತಾನೆ, "ಒಂದ್ ಹನಿ ತಪ್ಪಿಸಲಿಲ್ಲ ನಾ. ಔಷಧನೇ ಖೊಟ್ಟಿ ಇತ್ತು."

ಭೌರವ್ವ ಪಕ್ಕದಲ್ಲಿ ಕುಳಿತು ಹೂಂ ಅನ್ನುತ್ತಾಳೆ.

ಔಷಧ ಖೊಟ್ಟಿ ಇರಲಿಲ್ಲ. (ಅವನು ಓದುವುದು ಮರಾಠಿ ಪೇಪರ್, ಕನ್ನಡ ಅಕ್ಷರ ಬಾರದು. ಅದಕ್ಕೇ ಇಲ್ಲಿ ಬರೆದೆ. ನೀವೂ ಹೇಳಲು ಹೋಗಬೇಡಿ.)

ನಿಮ್ಮ ಮನೆಯಲ್ಲೂ ಯಾರಾದರೂ "ಬಿತ್ತು" ಅನ್ನುತ್ತಿರಬಹುದು. ಅವರ ಕೆನ್ನೆ ಮುಟ್ಟಿ ನೋಡಿದ್ದೀರಾ?